ಹೊಸ ಸಂಸದರಿಗೆ ಮಾರ್ಕ್ಸ್ ಕೊಡುವ ಮೊದಲು

2024ರಲ್ಲಿ ಗೆದ್ದ 543 ಲೋಕಸಭಾ ಸದಸ್ಯರಲ್ಲಿ 280 ಮಂದಿ ಮೊದಲ ಸಲ ಅಲ್ಲಿಗೆ ಹೋದವರು. ಅರ್ಧಕ್ಕಿಂತ ಜಾಸ್ತಿ! ಇವರನ್ನು ನಾವು ಅಳೆಯುತ್ತಿರುವ ರೀತಿ ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಹಾಜರಾತಿ ಎಷ್ಟು, ಪ್ರಶ್ನೆ ಎಷ್ಟು, ಯಾರ ಭಾಷಣ ವೈರಲ್ ಆಯಿತು. ಅಷ್ಟೇ.

ಭಾಷಣದ ಸಮಯ ಹಂಚಿಕೆಯಾಗುವುದು ಪಕ್ಷದ ಬಲದ ಮೇಲೆ. ಆ ಸಮಯದಲ್ಲಿ ಯಾರು ಮಾತಾಡಬೇಕು ಅನ್ನುವುದನ್ನು ಪಕ್ಷವೇ ತೀರ್ಮಾನಿಸುತ್ತದೆ, ಹೊಸಬರಿಗೆ ಕೊನೆಯಲ್ಲಿ ಎರಡು ಮೂರು ನಿಮಿಷ ಸಿಕ್ಕರೆ ಪುಣ್ಯ. ಮಸೂದೆಗೆ ಮತ ಹಾಕುವಾಗಲಂತೂ ಸ್ವಂತ ಅಭಿಪ್ರಾಯಕ್ಕೆ ಜಾಗವೇ ಇಲ್ಲ. 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ, ಮೀರಿದರೆ ಸೀಟೇ ಹೋಗಬಹುದು. ಹಾಗಾದರೆ ಅವರನ್ನು ಎಲ್ಲಿ ನೋಡಬೇಕು? ವಿಪ್ ಮುಟ್ಟದ ಜಾಗದಲ್ಲಿ.

ಪ್ರಶ್ನೆ ಅಂಥದ್ದೊಂದು ಜಾಗ. ಆದರೆ ಸುಮ್ನೆ ಎಣಿಸಬೇಡಿ. ಬಾಯಿಮಾತಿನ ಉತ್ತರ ಬೇಕಾದ ಚುಕ್ಕೆ ಗುರುತಿನ ಪ್ರಶ್ನೆಗಳು ದಿನಕ್ಕೆ 20 ಮಾತ್ರ, ಅದೂ ಲಾಟರಿಯಲ್ಲಿ ಬರಬೇಕು. ಉಳಿದವಕ್ಕೆ ಲಿಖಿತ ಉತ್ತರ ಬರುತ್ತದೆ, ಸಹಾಯಕರು ಬರೆದುಕೊಟ್ಟ ಪ್ರಶ್ನೆ ಕಳಿಸಿ ಸಂಖ್ಯೆ ಏರಿಸಿಕೊಳ್ಳುವುದು ಕಷ್ಟವೇನಲ್ಲ. ನಾನು ನೋಡುವುದು ಬೇರೆ. ಒಂದೇ ವಿಷಯ, ಉದಾಹರಣೆಗೆ ನರೇಗಾ ಕೂಲಿ ಬಾಕಿ, ಅದರ ಬೆನ್ನು ಹತ್ತಿದ್ದಾರಾ? ಮಂತ್ರಿ "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಅಂದರೆ ಅದು ಭರವಸೆ ಅಂತ ದಾಖಲಾಗುತ್ತದೆ, ಮೂರು ತಿಂಗಳಲ್ಲಿ ಈಡೇರಿಸಬೇಕು. ಮುಂದಿನ ಅಧಿವೇಶನದಲ್ಲಿ ಅದನ್ನು ಹಿಡಿದು ಕೇಳಿದವರು ಯಾರು? ಅಂಥವರನ್ನು ನಾನು ಮೆಚ್ಚುತ್ತೇನೆ, ಯಾವ ಪಕ್ಷದವರೇ ಆಗಿರಲಿ.

ಇನ್ನೊಂದು ಜಾಗ ಸ್ಥಾಯಿ ಸಮಿತಿ, ಅಂದರೆ ಇಲಾಖೆಗಳ ಕೆಲಸವನ್ನು ಪರಿಶೀಲಿಸುವ ಸಂಸದರ ತಂಡ. ಇಲಾಖೆಗಳಿಗೆ ಸಂಬಂಧಿಸಿದಂತೆ ಇಂಥ 24 ಸಮಿತಿಗಳಿವೆ. ಅಧಿಕಾರಿಗಳನ್ನು ಎದುರಿಗೆ ಕೂರಿಸಿಕೊಂಡು ಬಜೆಟ್ ದುಡ್ಡು ಯಾಕೆ ಖರ್ಚಾಗಲಿಲ್ಲ ಅಂತ ಕೇಳುವುದು ಅಲ್ಲಿಯೇ. ಬಾಗಿಲು ಮುಚ್ಚಿ ನಡೆಯುವ ಸಭೆ, ಕ್ಯಾಮೆರಾ ಇಲ್ಲ, ಹಾಗಾಗಿ ರೀಲ್ಸ್ ಇಲ್ಲ. ಅಲ್ಲಿ ತಪ್ಪದೆ ಕೂತು ಕಡತ ಓದುವ ಹೊಸ ಸದಸ್ಯರ ಹೆಸರು ನಮಗೆ ಗೊತ್ತೇ ಆಗುವುದಿಲ್ಲ, ಇದು ಅನ್ಯಾಯ ಅಲ್ವಾ?

ಚರಂಡಿ, ಬೀದಿದೀಪದ ಲೆಕ್ಕವನ್ನು ಸಂಸದರ ತಲೆಗೆ ಕಟ್ಟುವುದನ್ನೂ ಬಿಡೋಣ. ಅದಕ್ಕೆ ಬೇರೆಯವರಿದ್ದಾರೆ.

ಲೋಕಸಭೆಯ ವೆಬ್‌ಸೈಟ್‌ನಲ್ಲಿ ಪ್ರತಿ ಸದಸ್ಯರ ಪ್ರಶ್ನೆ, ಉತ್ತರ ಎರಡೂ ಇವೆ. ಸಮಿತಿ ವರದಿಗಳ ಕೊನೆಯಲ್ಲಿ ಸಭೆಗೆ ಯಾರು ಬಂದಿದ್ದರು ಅನ್ನುವ ಪಟ್ಟಿಯೂ ಇರುತ್ತದೆ. ನಿಮ್ಮ ಸಂಸದರ ಹೆಸರು ಹುಡುಕಿ, ಕಂಡದ್ದನ್ನು ಕಾಮೆಂಟ್‌ನಲ್ಲಿ ಬರೆಯಿರಿ.