ಪರದೇಶದಲ್ಲಿ ಪಕ್ಕದ ಮನೆ

ಕೇಳುಗರೇ, ನಮಸ್ಕಾರ.

ನಮ್ಮ ಕರಾವಳಿಯವರಿಗೆ ಪರದೇಶ ಹೊಸದಲ್ಲ. ಭಟ್ಕಳ, ಹೊನ್ನಾವರದ ಕಡೆಯಿಂದ ದುಬೈಗೆ, ಮಸ್ಕತ್‌ಗೆ ಹೋದವರು ಎಷ್ಟೋ ಜನ. ಈಗ ನರ್ಸಿಂಗ್ ಮುಗಿಸಿದ ಮಕ್ಕಳು ಜರ್ಮನಿಗೆ ಹೊರಡುತ್ತಿದ್ದಾರೆ. ಅಂಥವರಿಗೆ ನಾನು ಕಾರವಾರದಲ್ಲಿ ಜರ್ಮನ್ ಭಾಷೆ ಕಲಿಸುತ್ತೇನೆ. ಮೊದಲು ಏಳು ವರ್ಷ ಜರ್ಮನಿಯ ಲೈಪ್‌ಜಿಗ್ ಊರಿನಲ್ಲಿದ್ದೆ. ಇವತ್ತು ನಾನು ಹೇಳುವುದು ಒಂದೇ ಮಾತು. ಅಲ್ಲಿಗೆ ಮುಟ್ಟಿದ ಮೊದಲ ವಾರದಲ್ಲೇ ಪಕ್ಕದ ಮನೆಯ ಬೆಲ್ ಒತ್ತಿ. ಹೆಸರು ಹೇಳಿ. ಗೊತ್ತಿಲ್ಲದ್ದನ್ನು ಕೇಳಿ.

ನಾನು ಹಾಗೆ ಮಾಡಲಿಲ್ಲ. ಹೋಗಿ ಮೂರು ವಾರವಾದರೂ ಯಾರ ಹತ್ತಿರವೂ ಮಾತಿಲ್ಲ. ಒಂದು ಭಾನುವಾರ. ಕಾರವಾರದಲ್ಲಿ ಭಾನುವಾರ ಎಂದರೆ ಸಂತೆ, ಕಾಲಿಡಲು ಜಾಗ ಇರುವುದಿಲ್ಲ. ಅಲ್ಲಿ ಅಂಗಡಿಗಳು ಬಂದ್, ಬೀದಿಯೂ ಖಾಲಿ. ಸುಮ್ನೆ ಕೂರುವ ಬದಲು ಮನೆಯಲ್ಲಿದ್ದ ಖಾಲಿ ಬಾಟಲಿಗಳನ್ನು ಚೀಲಕ್ಕೆ ತುಂಬಿಕೊಂಡು ಬೀದಿ ಮೂಲೆಗೆ ಹೋದೆ. ಅಲ್ಲಿ ಗಾಜಿಗೆಂದೇ ದೊಡ್ಡ ಡಬ್ಬಿಗಳಿರುತ್ತವೆ. ಬಿಳಿ ಗಾಜಿಗೆ ಒಂದು, ಕಂದಿಗೆ ಒಂದು, ಹಸಿರಿಗೆ ಒಂದು. ಬಣ್ಣ ನೋಡಿ ಸರಿಯಾಗಿಯೇ ಹಾಕುತ್ತಿದ್ದೆ. ಫಳ್, ಫಳ್ ಎಂದು ಒಡೆಯುವ ಸದ್ದು ಬೀದಿಯುದ್ದಕ್ಕೂ ಕೇಳಿತು. ಮೇಲೊಂದು ಕಿಟಕಿ ತೆರೆಯಿತು. ನಮ್ಮದೇ ಕಟ್ಟಡದ ಅಜ್ಜಿಯೊಬ್ಬರು ಜೋರಾಗಿ ಕೂಗಿದರು. ನನಗೆ ತಿಳಿದದ್ದು ಒಂದೇ ಶಬ್ದ: ಝೋನ್‌ಟಾಗ್. ಹಾಗೆಂದರೆ ಭಾನುವಾರ.

ಮಧ್ಯಾಹ್ನ ಊಟ ಸೇರಲಿಲ್ಲ. ನಾನು ಹೊರಗಿನವಳೆಂದು ಬೈದರು ಅಂದುಕೊಂಡೆ. ಸಂಜೆ ಧೈರ್ಯ ಮಾಡಿ ಅವರ ಮನೆಗೆ ಹೋದೆ. ಕೈಯಲ್ಲಿ ಡಿಕ್ಷನರಿ, ಅಮ್ಮ ಕೊಟ್ಟಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ಸಣ್ಣ ಬಾಟಲಿ. ‘ನನ್ನ ತಪ್ಪು ಏನು?’ ಎಂದು ಕೇಳಿದೆ. ಅಜ್ಜಿ ಒಳಗೆ ಕರೆದು ಕೂರಿಸಿದರು. ಭಾನುವಾರ ಅಲ್ಲಿ ಸದ್ದು ಮಾಡದ ದಿನವಂತೆ. ಗಾಜು ಹಾಕಬಾರದು, ಗೋಡೆಗೆ ಮೊಳೆ ಹೊಡೆಯಬಾರದು. ಡಬ್ಬಿಯ ಮೇಲೆಯೇ ಹೊತ್ತು ಬರೆದಿತ್ತು, ನನಗೆ ಓದಲು ಬರುತ್ತಿರಲಿಲ್ಲ. ಆಮೇಲೆ ಅವರೇ ಕೇಳಿದರು, ‘ಪ್ಲಾಸ್ಟಿಕ್ ನೀರಿನ ಬಾಟಲಿ ಏನು ಮಾಡಿದಿರಿ?’ ಎಸೆದೆ ಎಂದೆ. ಅಜ್ಜಿ ಹಣೆಗೆ ಕೈ ಹಚ್ಚಿಕೊಂಡರು. ಅದನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಒಂದೊಂದಕ್ಕೆ 25 ಸೆಂಟ್ ವಾಪಸ್ ಸಿಗುತ್ತದೆ! ಮೂರು ವಾರ ದುಡ್ಡನ್ನೇ ಕಸಕ್ಕೆ ಹಾಕಿದ್ದೆ. ಮೊದಲೇ ಕೇಳಿದ್ದರೆ ಇದೆಲ್ಲ ತಪ್ಪುತ್ತಿತ್ತು, ಅಲ್ವಾ? ತಿಂಗಳ ನಂತರ ಅಮ್ಮನ ಉಪ್ಪಿನಕಾಯಿ ಬಾಟಲಿ ನನ್ನ ಬಾಗಿಲಿಗೆ ತಿರುಗಿ ಬಂತು. ಒಳಗೆ ಅಜ್ಜಿ ಮಾಡಿದ ಪ್ಲಮ್ ಜಾಮ್ ಇತ್ತು.

ಅಪ್ಪ ಅಮ್ಮಂದಿರೇ, ನಿಮಗೆ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ದಿನಾ ಎರಡೆರಡು ತಾಸು ವಿಡಿಯೋ ಕಾಲ್ ಬೇಡ. ಜರ್ಮನಿಯ ಗಡಿಯಾರ ನಮಗಿಂತ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ತಾಸು ಹಿಂದೆ. ನೀವು ಊಟ ಮುಗಿಸಿ ಹತ್ತಕ್ಕೆ ಫೋನ್ ಹಿಡಿದಾಗ ಅಲ್ಲಿ ಸಂಜೆ. ಮಕ್ಕಳು ನಾಲ್ಕು ಜನರ ಜೊತೆ ಬೆರೆಯುವ ಹೊತ್ತು ಅದು. ಆ ಹೊತ್ತನ್ನು ನೀವು ತೆಗೆದುಕೊಂಡರೆ ಅವರು ಅಕ್ಕಪಕ್ಕದವರನ್ನು ಕಾಣುವುದು ಯಾವಾಗ?

ಇನ್ನು ಸಮಯ ಕಡಿಮೆ, ಬೇಗ ಹೇಳುತ್ತೇನೆ. ಮನೆ ಹಿಡಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ಬರೆಸಬೇಕು. ಆಂಬ್ಯುಲೆನ್ಸ್‌ಗೆ 112. ಯಾವ ಕಚೇರಿ, ಯಾವ ಕಾಗದ ಎಂಬುದು ಪಕ್ಕದ ಮನೆಯವರಿಗೆ ಗೊತ್ತಿರುತ್ತದೆ, ಕೇಳಿ. ಹಿರಿಯರಿಗೆ ‘ಡೂ’ ಎನ್ನಬೇಡಿ, ‘ಝೀ’ ಎನ್ನಿ. ನೀನು, ನೀವು ಇದ್ದ ಹಾಗೆಯೇ, ಕನ್ನಡದ ಮಕ್ಕಳಿಗೆ ಇದು ಕಷ್ಟವಲ್ಲ.

ಬಾಗಿಲು ತೆರೆದ ಕೂಡಲೇ ಹೇಳಬೇಕಾದ ಮಾತು ಇದು: ‘ಗುಟನ್ ಟಾಗ್, ಇಶ್ ಬಿನ್ ನೊಯ್ ಹಿಯರ್.’ ನಮಸ್ಕಾರ, ನಾನು ಇಲ್ಲಿಗೆ ಹೊಸಬಳು ಎಂದು ಅರ್ಥ. ಇನ್ನೊಮ್ಮೆ ಹೇಳುತ್ತೇನೆ, ಮನೆಯಲ್ಲಿ ಕುಳಿತವರೂ ಜೊತೆಗೆ ಹೇಳಿ. ಗುಟನ್ ಟಾಗ್, ಇಶ್ ಬಿನ್ ನೊಯ್ ಹಿಯರ್.