‘ಪ್ರನೌನ್ಸ್’ ನಾಮಪದವಾದಾಗ ‘ನೌ’ ಎಲ್ಲಿ ಹೋಗುತ್ತದೆ?

ಸ್ನೇಹಿತರೇ, ಇಂಗ್ಲಿಷ್ ಉಚ್ಚಾರಣೆಯ ಬಗ್ಗೆ ಪಾಠ ಮಾಡುವವರ ಬಾಯಲ್ಲೇ ತಪ್ಪಾಗಿ ಬರುವ ಪದ ‘ಪ್ರನನ್ಸಿಯೇಷನ್’. ಕ್ರಿಯಾಪದ ‘ಪ್ರನೌನ್ಸ್’, ಅದರಲ್ಲಿ ‘ನೌ’ ಇರುವಾಗ ನಾಮಪದದಲ್ಲೂ ಇರಲೇಬೇಕು ಎಂದುಕೊಂಡು ‘ಪ್ರೊನೌನ್ಸಿಯೇಷನ್’ ಅಂದುಬಿಡುತ್ತೇವೆ. ಬಾಯಲ್ಲಿ ಬಂದದ್ದೇ ಸ್ಪೆಲಿಂಗಿಗೂ ಇಳಿಯುತ್ತದೆ. ಸರಿಯಾದ ಸ್ಪೆಲಿಂಗಿನಲ್ಲಿ 13 ಅಕ್ಷರ, ಅದರಲ್ಲಿ ‘ಓ’ ಎರಡೇ: ‘ಪಿ-ಆರ್’ ಆದಮೇಲೊಂದು, ಕೊನೆಯ ‘ಎನ್’ಗೆ ಮುಂಚೆ ಒಂದು. ಬರೆದ ಮೇಲೆ ‘ಓ’ಗಳನ್ನು ಎಣಿಸಿ. ಮೂರಿದ್ದರೆ ನಡುವಿನದನ್ನು ಹೊಡೆದುಹಾಕಿ.

ಹೀಗೇಕೆ? ಕ್ರಿಯಾಪದ ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚ್ ದಾರಿಯಲ್ಲಿ. ನಾಮಪದ ಲ್ಯಾಟಿನ್ ರೂಪಕ್ಕೆ ಹತ್ತಿರವಾಗಿ ಉಳಿಯಿತು. ಆದರೆ ದಿನಬಳಕೆಗೆ ಇತಿಹಾಸಕ್ಕಿಂತ ಒತ್ತು, ಅಂದರೆ ಪದದ ಯಾವ ಭಾಗವನ್ನು ಜೋರಾಗಿ ಹೇಳುತ್ತೇವೆ ಎಂಬುದು, ಹೆಚ್ಚು ಉಪಯೋಗಕ್ಕೆ ಬರುತ್ತದೆ. ‘ಪ್ರನೌನ್ಸ್’ನಲ್ಲಿ ಒತ್ತು ‘ನೌ’ ಮೇಲಿದೆ. ನಾಮಪದದಲ್ಲಿ ಮುಖ್ಯ ಒತ್ತು ‘ಯೇ’ಗೆ ಸರಿಯುತ್ತದೆ, ಹಿಂದೆ ಉಳಿದ ಸ್ವರ ಕಿರಿದಾಗುತ್ತದೆ. ಡಿನೌನ್ಸ್, ರಿನೌನ್ಸ್ ಕೂಡ ಹೀಗೇ: ಡಿನನ್ಸಿಯೇಷನ್, ರಿನನ್ಸಿಯೇಷನ್.

ಹಾಗಾದರೆ ‘ಅನೌನ್ಸ್‌ಮೆಂಟ್’ನಲ್ಲಿ ‘ನೌ’ ಉಳಿದದ್ದು ಹೇಗೆ? ‘ಮೆಂಟ್’ ಸೇರಿದಾಗ ಒತ್ತು ಜಾಗ ಬಿಟ್ಟು ಕದಲುವುದಿಲ್ಲ. ‘ಪ್ರನೌನ್ಸ್‌ಮೆಂಟ್’ ಎಂಬ ಪದವೂ ಇದೆ, ಆದರೆ ಅದರ ಅರ್ಥ ಅಧಿಕಾರದಿಂದ ಮಾಡಿದ ಘೋಷಣೆ. ನ್ಯಾಯಾಧೀಶರು ಮಾಡುವುದು ಪ್ರನೌನ್ಸ್‌ಮೆಂಟ್. ಅವರು ಪದಗಳನ್ನು ಉಚ್ಚರಿಸುವ ಬಗೆ ಪ್ರನನ್ಸಿಯೇಷನ್. ಒಂದರ ಜಾಗದಲ್ಲಿ ಇನ್ನೊಂದು ನಡೆಯದು.

‘ಎಕ್ಸ್‌ಪ್ಲೇನ್’ ವಿಷಯದಲ್ಲಿ ತೊಂದರೆ ಬೇರೆ ಥರ. ‘ಎಕ್ಸ್‌ಪ್ಲನೇಷನ್’ ಎಂದು ಸರಿಯಾಗಿಯೇ ಹೇಳುವವರೂ ಬರೆಯುವಾಗ ಕ್ರಿಯಾಪದದ ‘ಐ’ ಅಕ್ಷರವನ್ನು ‘ಎಲ್-ಎ’ ಆದಮೇಲೆ ತುರುಕುತ್ತಾರೆ. ಅಲ್ಲಿ ಅದು ಬೇಡ. ಪ್ರೊಕ್ಲೇಮ್, ಎಕ್ಸ್‌ಕ್ಲೇಮ್ ನಾಮಪದವಾದಾಗಲೂ ಬೇಡ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ‘ಮೇನ್‌ಟೇನ್’ನ ನಾಮಪದ. ‘ಮೇನ್‌ಟೇನೆನ್ಸ್’ ಅಲ್ಲ, ‘ಮೇಂಟನೆನ್ಸ್’. ಒತ್ತು ಮೊದಲ ‘ಮೇ’ಗೆ ಜಿಗಿಯುತ್ತದೆ. ಮೂರು ತುಂಡು ಮಾಡಿ ಬರೆಯಿರಿ: ಎಂ-ಎ-ಐ-ಎನ್, ಟಿ-ಇ-ಎನ್, ಎ-ಎನ್-ಸಿ-ಇ. ಮೊದಲ ತುಂಡಿನ ‘ಎ-ಐ’ ಹಾಗೆಯೇ ಇರುತ್ತದೆ, ಎರಡನೆಯದು ಮಾತ್ರ ‘ಇ’ ಆಗುತ್ತದೆ. ನಡುವಿನ ‘ಟೆನ್’ ಮರೆತರೆ ‘ಟೆನೆಂಟ್’ ನೆನೆಸಿಕೊಳ್ಳಿ. ಎರಡರ ಮೂಲವೂ ಹಿಡಿದುಕೊಳ್ಳುವುದು ಎಂಬರ್ಥದ ಲ್ಯಾಟಿನ್ ಧಾತು. ‘ಸಸ್ಟೇನ್’ನಿಂದ ಬರುವ ‘ಸಸ್ಟನೆನ್ಸ್’ಗೂ ಇದೇ ‘ಟಿ-ಇ-ಎನ್’. ಕೊನೆಯ ತುಂಡನ್ನು ‘ಇ-ಎನ್-ಸಿ-ಇ’ ಎಂದು ಬರೆಯುವುದು ಇನ್ನೊಂದು ಸಾಮಾನ್ಯ ತಪ್ಪು.

ಇಷ್ಟು ಕಲಿತ ಮೇಲೆ ‘ಅಕ್ವೇಂಟ್’ನ ‘ಐ’ಗೂ ಕತ್ತರಿ ಹಾಕುವ ಉತ್ಸಾಹ ಬೇಡ. ‘ಅಕ್ವೇಂಟೆನ್ಸ್’ನಲ್ಲಿ ಒತ್ತು ‘ಕ್ವೇ’ ಮೇಲೆಯೇ ನಿಲ್ಲುತ್ತದೆ. ‘ಎ-ಐ’ ಎರಡೂ ಉಳಿಯುತ್ತವೆ.