ಒಂದೇ ಸೂರು, ಎರಡು ಒಲೆ

ಸಭೆಯಲ್ಲಿರುವ ತಾಯಂದಿರೇ, ಹಿರಿಯರೇ,

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹತ್ತಿರದ ಓಣಿಯಲ್ಲಿ ನಾನು ಕಂಡ ಒಂದು ಮನೆಯಿಂದ ಮಾತು ಆರಂಭಿಸುತ್ತೇನೆ. ಗಂಡ ತೀರಿಕೊಂಡ ಮೇಲೆ ಹೊಳಲ್ಕೆರೆ ಕಡೆಯ ಹಳ್ಳಿಯಿಂದ ಇಬ್ಬರು ಮಕ್ಕಳೊಂದಿಗೆ ತವರಿಗೆ ಬಂದ ತಂಗಿಗೆ ಅಣ್ಣ ಪಡಸಾಲೆ ಬಿಟ್ಟುಕೊಟ್ಟಿದ್ದ. ಒಳಗೆ ಅತ್ತಿಗೆಯ ಗ್ಯಾಸ್. ಪಡಸಾಲೆಯ ಮೂಲೆಯಲ್ಲಿ ತಂಗಿಯ ಸೌದೆ ಒಲೆ, ಪಕ್ಕದಲ್ಲಿ ಅವಳದೇ ಅಕ್ಕಿ ಡಬ್ಬಿ. "ಒಂದೇ ಮನೇಲಿದ್ದು ಎರಡು ಕಾರ್ಡ್ ಯಾಕೆ" ಎಂದು ಯಾರೋ ಅಂದ ಮಾತಿಗೆ ಅಣ್ಣ ಅಕ್ಕರೆಯಿಂದಲೇ ಮೂವರ ಹೆಸರನ್ನೂ ತನ್ನ ಪಡಿತರ ಚೀಟಿಗೆ ಸೇರಿಸಿದ. ಅಲ್ಲಿಗೆ, ಮನೆಯ ಯಜಮಾನಿಗೆ ರಾಜ್ಯ ಸರ್ಕಾರ ತಿಂಗಳಿಗೆ ಕೊಡುವ ಗೃಹಲಕ್ಷ್ಮಿಯ 2,000 ರೂಪಾಯಿ ಅವಳಿಗೆ ನಿಂತಿತು.

ಒಂದು ಚೀಟಿಗೆ ಒಬ್ಬಳೇ ಯಜಮಾನಿ ಎಂಬುದು ಇದಕ್ಕೆ ಕಾರಣ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಮನೆಯಲ್ಲಿ 18 ತುಂಬಿದ ಹೆಂಗಸರಲ್ಲಿ ಹಿರಿಯಳು ಚೀಟಿಯ ಯಜಮಾನಿಯಾಗುತ್ತಾಳೆ, ಮತ್ತು ಗೃಹಲಕ್ಷ್ಮಿಯ ಹಣ ಆಕೆಯ ಖಾತೆಗೇ ಹೋಗುತ್ತದೆ. ಆ ಮನೆಯ ಹಿರಿಯಳು ಅತ್ತಿಗೆ. ಬಿಪಿಎಲ್ ಚೀಟಿಯಲ್ಲಿ ಧಾನ್ಯದ ಲೆಕ್ಕ ತಲೆಯ ಮೇಲೆ ನಡೆಯುವುದರಿಂದ ಅದೇನೋ ಉಳಿಯಿತು. ಆದರೆ ಕಡುಬಡವರ ಅಂತ್ಯೋದಯ ಚೀಟಿಗೆ ಇಡೀ ಕುಟುಂಬಕ್ಕೆ 35 ಕೆ.ಜಿ. ಎಂಬ ಲೆಕ್ಕವಿರುವುದರಿಂದ, ಅಂಥ ಎರಡು ಚೀಟಿ ಒಂದಾದರೆ ಒಂದು ಚೀಟಿಯ 35 ಕೆ.ಜಿ. ಪೂರ್ತಿಯಾಗಿ ಹೋಗುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಆದಾಯದ್ದು. ನಮ್ಮ ರಾಜ್ಯದಲ್ಲಿ ಬಿಪಿಎಲ್ ಕುಟುಂಬದ ವಾರ್ಷಿಕ ಆದಾಯದ ಮಿತಿ 1.20 ಲಕ್ಷ ರೂಪಾಯಿ. ಅಣ್ಣನ ಸಂಬಳ, ತಂಗಿಯ ಕೂಲಿ ಎರಡೂ ಒಂದೇ ಚೀಟಿಯ ಕೆಳಗೆ ಕೂಡಿದಾಗ ಮಿತಿ ದಾಟಿದರೆ, ಆಸರೆ ಕೊಟ್ಟವನ ಚೀಟಿಗೂ ಕುತ್ತು ಬರುತ್ತದೆ. ಒಮ್ಮೆ ತನ್ನ ಚೀಟಿಯಿಂದ ಹೆಸರು ತೆಗೆಸಿದ ಮೇಲೆ ಮತ್ತೆ ಪ್ರತ್ಯೇಕ ಚೀಟಿ ಪಡೆಯುವುದು ಸುಲಭವಲ್ಲ, ಏಕೆಂದರೆ ಹೊಸ ಬಿಪಿಎಲ್ ಅರ್ಜಿಗಳನ್ನು ಎಲ್ಲ ಕಾಲದಲ್ಲೂ ಸ್ವೀಕರಿಸುವುದಿಲ್ಲ.

ವಿದ್ಯುತ್ತಿನ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ 200 ಯೂನಿಟ್ ಮಿತಿ ಇರುವುದು ಮೀಟರಿಗೆ, ಮನೆಯಲ್ಲಿರುವ ತಲೆಗಳಿಗಲ್ಲ. ಎರಡು ಸಂಸಾರ ಒಂದೇ ಮೀಟರಿನಲ್ಲಿದ್ದು 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ವಿಧವಾ ವೇತನದ 800 ರೂಪಾಯಿ ವ್ಯಕ್ತಿಯ ಹೆಸರಿನಲ್ಲಿ ಬರುತ್ತದೆ, ಯಜಮಾನಿ ಯಾರೆಂಬುದು ಅದಕ್ಕೆ ಲೆಕ್ಕವಿಲ್ಲ.

ಹಾಗಾದರೆ ಯಾವುದು ಕುಟುಂಬ? ಜನಗಣತಿಯವರು ಒಂದೇ ಅಡುಗೆಮನೆಯ ಊಟ ಉಣ್ಣುವವರನ್ನು ಒಂದು ಕುಟುಂಬ ಎಂದು ಎಣಿಸುತ್ತಾರೆ. ಉದ್ಯೋಗ ಖಾತರಿಯ 2005ರ ಕಾಯ್ದೆಯೂ ರಕ್ತಸಂಬಂಧವಷ್ಟೇ ಸಾಲದೆಂದು ಬಗೆದು, ಒಟ್ಟಿಗೆ ವಾಸಿಸಿ ಒಟ್ಟಿಗೆ ಉಣ್ಣುವುದನ್ನು ಇಲ್ಲವೇ ಒಂದೇ ಪಡಿತರ ಚೀಟಿ ಹೊಂದಿರುವುದನ್ನು ಕೇಳಿತು. ನಮ್ಮವರು "ಒಲೆ ಬೇರೆಯಾಯಿತು" ಎನ್ನುವುದೂ ಇದನ್ನೇ. ಒಟ್ಟಿಗೆ ಉಣ್ಣುವವರು ಕಾಗದದಲ್ಲಿ ಮಾತ್ರ ಬೇರೆಯಾಗುವುದನ್ನು ನಾನು ಒಪ್ಪುವುದಿಲ್ಲ. ಆದರೆ ನಿಜವಾಗಿ ಬೇರೆ ಬೇಯಿಸಿಕೊಳ್ಳುವ ಹೆಣ್ಣುಮಗಳು ಅಣ್ಣನ ಸೂರಿನಡಿ ಮಲಗುತ್ತಾಳೆಂಬ ಒಂದೇ ಕಾರಣಕ್ಕೆ ತನ್ನ ಚೀಟಿಯನ್ನು ಬಿಟ್ಟುಕೊಡಬೇಕಿಲ್ಲ. ಆಧಾರ್ ವಿಳಾಸ ಬದಲಿಸಿ, ಅದೇ ಚೀಟಿಯನ್ನು ಹೊಸ ವಿಳಾಸಕ್ಕೆ ವರ್ಗಾಯಿಸಲು ಆಹಾರ ಇಲಾಖೆಯಲ್ಲಿ ಕೇಳಬಹುದು.

ಹೆಸರು ಸೇರಿಸುವ ಯೋಚನೆಯಲ್ಲಿರುವವರು ಅರ್ಜಿ ಹಾಕುವ ಮುನ್ನ ಎರಡೂ ಚೀಟಿ, ಕರೆಂಟ್ ಬಿಲ್ ಹಿಡಿದುಕೊಂಡು ಬನ್ನಿ. ಸಭೆ ಮುಗಿದ ಮೇಲೂ ನಾನು ಇಲ್ಲೇ ಕುಳಿತಿರುತ್ತೇನೆ, ಒಂದೊಂದನ್ನೇ ನೋಡೋಣ.